ಅತ್ತಿಗೆಯ ಅಭಿಪ್ರಾಯ

"ಇದಕ್ಕೂ ನಗದವನು ಮನುಷ್ಯನೇ ಅಲ್ಲ!" ಎಂದ ಗಂಡ, ಟಿವಿಯಲ್ಲಿ ಹಳೆಯ ಹುಚ್ಚಾಟದ ಸಿನಿಮಾ ಮುಗಿಯುತ್ತಿದ್ದಂತೆ. "ತಲೆಬುಡ ಇಲ್ಲ ಕಣೋ," ಎಂದು ಗೆಳೆಯ ಮೂಗು ಮುರಿದ. ಮೈದುನ ಅಡುಗೆಮನೆಯತ್ತ ತಿರುಗಿ, "ಅತ್ತಿಗೆ, ನೀವೇನಂತೀರಿ?" ಎಂದು ಕೇಳಿದ.

ಅವಳು ಸೌಟು ಹಿಡಿದೇ ಬಂದಳು. "ಹೆಂಡತಿ ಬಾಯಿ ತೆಗೆದಾಗಲೆಲ್ಲ ಆ ಹೀರೋ ತಲೆ ಮೇಲೆ ಪಾತ್ರೆ ಕವುಚಿಕೊಳ್ತಾನಲ್ಲ, ಪಾಪ, ಅವಳು ಏನು ಹೇಳೋಕೆ..."

ಅಷ್ಟರಲ್ಲಿ ಗಂಡ ಎದುರಿಗಿದ್ದ ಖಾಲಿ ಪಾತ್ರೆಯನ್ನು ತಲೆಗೆ ಕವುಚಿಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಕೆಲಸಕ್ಕೆ ಸೇರುತ್ತೇನೆ ಎಂದಾಗಲೂ, ತನ್ನ ಅಮ್ಮನಿಗೆ ಹುಷಾರಿಲ್ಲ ಎಂದಾಗಲೂ ಅವನು ಹೀಗೇ ಮಾಡಿದ್ದ. ಆಗೆಲ್ಲ ಅವಳೂ ಹಲ್ಲು ಕಿರಿದಿದ್ದಳು.

ಈ ಸಲ ಸೌಟೆತ್ತಿ ಪಾತ್ರೆಗೆ ಠಣ್ಣನೆ ಬಾರಿಸಿದಳು. ಗಂಡ ಬೆಚ್ಚಿಬಿದ್ದು ಪಾತ್ರೆ ಕಿತ್ತೆಸೆದ. "ಎಲ್ಲರ ಮುಂದೆ ಇದೇನೇ?" ಎಂದು ಗದರಿದ.

"ಎಲ್ಲರ ಮುಂದೆ ತಾನೆ ನನ್ನನ್ನ ಕೇಳಿದ್ದು? ಕೂತು ಕೇಳಿ," ಎಂದಳು, ಸೌಟು ಕೆಳಗಿಳಿಸದೆ.