ಚೀಲದೊಳಗಿನ ಮಗು

“ಮಗು ಹೆಂಗೈತವ್ವ?”

ಚೈತ್ರಶ್ರೀ ಇನ್ನೂ ಜಗುಲಿ ಹತ್ತಿರಲಿಲ್ಲ. ಕೂತ್ಕ ಅನ್ನುವ ಮೊದಲು, ನೀರು ಕೊಡುವ ಮೊದಲು ದುರುಗಮ್ಮ ಕೇಳಿದ್ದು ಇದೊಂದೇ ಮಾತು. ಕೇಳಿ ಏಳಲು ಹೋದವಳು ತಲೆ ತಿರುಗಿದಂತಾಗಿ ಗೋಡೆ ಹಿಡಿದು ಮತ್ತೆ ಕೂತಳು. ಸೊರಬದಿಂದ ಜಡೆ ಊರಿನವರೆಗೆ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳ ಬದಲು ಚೈತ್ರಶ್ರೀ “ಮೊದಲು ಸ್ವಲ್ಪ ನೀರು ಕುಡೀತೀನಿ ಅಜ್ಜಿ” ಅಂದಳು.

ಅವಳು ಹೇಳಲು ಬಂದದ್ದು ಇಷ್ಟೇ: ಅಂಥ ಮಗುವೇ ಇಲ್ಲ. ಶಿಕಾರಿಪುರದ ಚೈತ್ರಶ್ರೀ ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಬಸ್ಸಿನಲ್ಲಿ ಯಾರೋ ಮರೆತ ಚೀಲ ಸಿಕ್ಕಿದರೆ ಜನ ಏನು ಮಾಡುತ್ತಾರೆ ಎಂಬುದು ಅವಳ ವಿಷಯ. ಅದಕ್ಕಾಗಿ ಆನವಟ್ಟಿ, ಸೊರಬದ ಬಸ್ಸುಗಳಲ್ಲಿ ಬೇಕೆಂದೇ ಚೀಲ ಬಿಟ್ಟುಬಂದಿದ್ದಳು. ಒಳಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಮಗುವಿನ ಫೋಟೊ, ಹೃದಯದ ಆಪರೇಷನ್ ಆಗಬೇಕೆಂಬ ಚೀಟಿ, ಒಂದು ಫೋನ್ ನಂಬರು. ಚೀಟಿ ಬರೆದವಳೂ ಅವಳೇ, ಫೋನ್ ಎತ್ತುವ ತಾಯಿಯೂ ಅವಳೇ. ಸಣ್ಣ ಸುಳ್ಳು, ಯಾರಿಗೂ ಹಾನಿಯಿಲ್ಲ, ಎಲ್ಲ ಮುಗಿದ ಮೇಲೆ ಪ್ರತಿಯೊಬ್ಬರಿಗೂ ನಿಜ ಹೇಳತಕ್ಕದ್ದು ಎಂದು ವಿಶ್ವವಿದ್ಯಾಲಯದ ನೈತಿಕತಾ ಸಮಿತಿಯವರು ಚಹಾ ಕುಡಿಯುತ್ತ ಒಪ್ಪಿಗೆ ಕೊಟ್ಟಿದ್ದರು. ನಡುವೆ ಹೇಳುವಂತಿರಲಿಲ್ಲ, ಹೇಳಿದರೆ ಸುದ್ದಿ ಬಸ್ಸಿಗಿಂತ ಮುಂಚೆ ಊರು ಮುಟ್ಟುತ್ತದೆ.

ಅದರಲ್ಲೊಂದು ಚೀಲ ಸಿಕ್ಕಿದ ದಿನವೇ ದುರುಗಮ್ಮ ಸೊಸೆಯ ಕೈಲಿ ಫೋನ್ ಮಾಡಿಸಿದ್ದಳು. “ಚೀಲ ಜ್ವಾಪಾನ ಐತೆ, ಹೆದರಬ್ಯಾಡ ಮಗಳೇ” ಅಂದಿದ್ದಳು. “ಆಪರೇಷನ್ ಮುಗಿಸ್ಕೊಂಡು ಬಂದು ತಗೊಂಡು ಹೋಗ್ತೀನಿ ಅಜ್ಜಿ” ಎಂದು ಚೈತ್ರಶ್ರೀ ಅಳುದನಿಯಲ್ಲಿ ಉತ್ತರಿಸಿದ್ದಳು. ಆ ದನಿ ಅಷ್ಟು ಚೆನ್ನಾಗಿ ಬಂದದ್ದಕ್ಕೆ ಆಗ ಒಳಗೊಳಗೇ ಖುಷಿಯೂ ಆಗಿತ್ತು.

ನೀರಿನ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿ, ಅವಳು ಮೊದಲು ಸೊಸೆ ನಯನಳಿಗೆ ನಿಜ ಹೇಳಿದಳು. ನಯನ ಚೊಂಬು ಹಿಡಿದವಳು ಹಿಡಿದಂತೆಯೇ ನಿಂತಳು.

“ಅಯ್ಯೋ ಮಾರಾಯ್ತಿ! ಅತ್ತೆ ಚಂದ್ರಗುತ್ತಿ ಅಮ್ಮಂಗೆ ಹರಕೆ ಹೊತ್ಕಂಡಾರೆ. ಆ ಮಗು ಹುಷಾರಾದ ಸುದ್ದಿ ಕಿವಿಗೆ ಬೀಳೋ ತನಕ ಒಪ್ಪತ್ತು, ರಾತ್ರಿ ಅನ್ನ ಮುಟ್ಟಲ್ಲ ಅಂತ. ಸಕ್ಕರೆ ಕಾಯಿಲೆ ಇರೋ ಜೀವ ರೀ. ಖಾಲಿ ಹೊಟ್ಟೇಲಿ ಗುಳಿಗೆ ನುಂಗಿ ಮೊನ್ನೆ ಬಚ್ಚಲಲ್ಲಿ ಬಿದ್ದಿದ್ರು.”

“ಡಾಕ್ಟರು ಏನೂ ಹೇಳಲಿಲ್ವಾ?”

“ಡಾಕ್ಟರು ದೊಡ್ಡೋರಾ, ಅಮ್ಮ ದೊಡ್ಡೋಳಾ ಅಂತಾರೆ.” ನಯನ ದನಿ ತಗ್ಗಿಸಿದಳು. “ಆಪರೇಷನ್ ಚೆನ್ನಾಗಾತು, ಮಗು ಆಡ್ಕಂಡೈತೆ ಅಂತ ಒಂದು ಮಾತು ಹೇಳಿಬಿಡ್ರೀ. ಇಲ್ಲದ ಮಗು ಹುಷಾರಾತು ಅಂದ್ರೆ ಯಾರ ಗಂಟು ಹೋಗ್ತದೆ?”

ಚೈತ್ರಶ್ರೀಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಿಂದಿನ ಸುಳ್ಳಿಗೆ ಸಮಿತಿಯ ಮೊಹರು ಇತ್ತು. ಈ ಸುಳ್ಳಿಗೆ ಯಾರ ಅಪ್ಪಣೆಯೂ ಇರಲಿಲ್ಲ. ಅಲ್ಲದೆ ನಿಜ ಹೇಳಿದರೂ ಹರಕೆ ತಾನಾಗಿ ಬಿದ್ದುಹೋಗುತ್ತದಲ್ಲ, ಇಲ್ಲದ ಮಗುವಿಗಾಗಿ ಯಾರು ಹೊಟ್ಟೆ ಕಟ್ಟಿಯಾರು? ನಿಯಮವೂ ಉಳಿಯಿತು, ಅಜ್ಜಿಯೂ ಉಂಡಳು. ಹಾಗೆಂದುಕೊಂಡು ಜಗುಲಿಗೆ ಬಂದು ದುರುಗಮ್ಮನ ಪಕ್ಕ ಕೂತು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಕೊನೆಗೆ, ಹೇಳಲೇಬೇಕಾದದ್ದು ಅಂತ, “ನಿಮಗೆ ಬ್ಯಾಡ ಅನ್ನಿಸಿದ್ರೆ ಈ ಅಧ್ಯಯನದಿಂದ ಯಾವಾಗ ಬೇಕಾದ್ರೂ ಹೊರಗೆ ಬರಬಹುದು ಅಜ್ಜಿ” ಎಂದೂ ಸೇರಿಸಿದಳು.

“ನಿನ್ನ ಅಧ್ಯಯನದಿಂದ ಬರಬಹುದು,” ದುರುಗಮ್ಮ ಅಂದಳು. “ಅಮ್ಮಂಗೆ ಏನು ಹೇಳಲಿ?”

ಚೈತ್ರಶ್ರೀ ತಲೆ ತಗ್ಗಿಸಿದಳು. ಅವಳಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಮುದುಕಿ ಬೈಯಲಿಲ್ಲ. ತನಗೆ ತಾನೇ ನಕ್ಕಳು. “ಹೋಗ್ಲಿ ಬಿಡವ್ವ. ಕೂಸಿಗೆ ಕಾಯಿಲೆನೇ ಇಲ್ಲ ಅಂದ್ಮೇಲೆ ಅದಕ್ಕಿಂತ ಒಳ್ಳೆ ಸುದ್ದಿ ಇನ್ನೇನೈತೆ?”

ಹೊತ್ತು ಮುಳುಗುತ್ತಿತ್ತು. ಈ ಮಾತಿಗೇ ಕಾದಿದ್ದ ನಯನ ಬಿಸಿ ರೊಟ್ಟಿ, ಪಲ್ಯದ ತಟ್ಟೆ ತಂದು ಅತ್ತೆಯ ಮುಂದಿಟ್ಟಳು. ಎಷ್ಟೋ ದಿನದ ಮೇಲೆ ದುರುಗಮ್ಮ ರಾತ್ರಿಯ ರೊಟ್ಟಿ ಮುರಿದಳು. ಚೈತ್ರಶ್ರೀಯ ಎದೆಯ ಭಾರ ಇಳಿಯಿತು. ನಿಜಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು. ದುರುಗಮ್ಮ ದೇವರ ಗೂಡಿನತ್ತ ನೋಡುತ್ತಿದ್ದಳು. ಮಗುವಿನ ಫೋಟೊ ಅಲ್ಲಿ ಅಮ್ಮನ ಪಟದ ಪಕ್ಕ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

“ಹಂಗಾರೆ ಈ ಕೂಸು ಯಾರದು?”

“ಅದು… ಇಂಟರ್ನೆಟ್ಟಲ್ಲಿ ಸಿಕ್ಕಿದ್ದು ಅಜ್ಜಿ.”

“ಮೂಗಿಗೆ ನಳಿಗೆ ಹಾಕ್ಯಾರೆ. ಅದನ್ನೂ ನೀನೇ ಹಾಕಿದ್ದಾ?”

“ಇಲ್ಲ.”

“ಅಂದ್ರೆ ಎಲ್ಲೋ ಐತೆ. ಕಾಯಿಲೆ ಬಿದ್ದೈತೆ.”

ಚೀಲಕ್ಕೆ ಫೋಟೊ ಬೇಕಾಗಿದ್ದಾಗ ಚೈತ್ರಶ್ರೀ ಸಾವಿರ ಮುಖಗಳಲ್ಲಿ ನೋಡಿದವರ ಕರುಳು ಚುರುಕ್ ಅನ್ನಿಸುವಂಥದನ್ನೇ ಹುಡುಕಿ ಆರಿಸಿದ್ದಳು. ಅದು ಯಾರ ಮಗು ಎಂದು ಅವಳು ಕೇಳಿಕೊಂಡಿರಲಿಲ್ಲ, ಸಮಿತಿಯವರೂ ಕೇಳಿರಲಿಲ್ಲ.

“ಈಗ ಆರಾಮೈತಾ?”

ಬಾಗಿಲಲ್ಲಿ ನಿಂತ ನಯನ ‘ಹೂಂ ಅನ್ರೀ’ ಎಂದು ಕಣ್ಣಲ್ಲೇ ಅಂಗಲಾಚಿದಳು. ಆದರೆ ಇದುವರೆಗೆ ಹೇಳಿದ್ದೆಲ್ಲ ಸುಳ್ಳು ಎಂದು ಈಗಷ್ಟೇ ಒಪ್ಪಿಕೊಂಡವಳ ಹೂಂಗೆ ಏನು ಬೆಲೆ?

“ಗೊತ್ತಿಲ್ಲ ಅಜ್ಜಿ.”

ದುರುಗಮ್ಮ ತುತ್ತನ್ನು ಹಾಗೇ ತಟ್ಟೆಗೆ ಇಳಿಸಿ, ತಟ್ಟೆಯನ್ನು ಸೊಸೆಯ ಕಡೆಗೆ ಸರಿಸಿದಳು.

“ಒಳಗಿಡು ನಯನ,” ಅಂದು ಚೈತ್ರಶ್ರೀಯತ್ತ ತಿರುಗಿದಳು. “ನೀನು ಆ ಕೂಸಿನ ಸುದ್ದಿ ಕೇಳಿ ತಿಳ್ಕಂಡು ಫೋನ್ ಮಾಡವ್ವ. ನನಗೇನು ಉಣ್ಣೋ ಅವಸರ ಇಲ್ಲ.”