ಒಂದು ಡಬ್ಬಿಯಷ್ಟು ಅಮ್ಮ

ಹೆತ್ತವರ ಮೂಳೆಯ ಪುಡಿ ಬಿಟ್ಟರೆ ಬೇರೇನೂ ಮಕ್ಕಳ ಸವೆದ ಬೆನ್ನಿಗೆ ಒಗ್ಗದ ಕಾಲ ಅದು. ಅಮ್ಮನ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಅಂಬುಜಾಕ್ಷಿ ಆ ಪುಡಿ ತುಂಬಿದ ಪುಟ್ಟ ಸ್ಟೀಲ್ ಡಬ್ಬಿ ಹಿಡಿದು ತಂಗಿ ಕುಮುದಳ ಜೊತೆ ಕ್ಲಿನಿಕ್ಕಿಗೆ ಬಂದಳು. ಇಬ್ಬರ ಬೆನ್ನುಮೂಳೆಯೂ ಸವೆದು ಬಿರುಕು ಬಿಟ್ಟಿತ್ತು.

ಡಾಕ್ಟರು ಡಬ್ಬಿ ತೆರೆದು ನೋಡಿದರು. "ಒಬ್ಬರಿಗಾಗೋವಷ್ಟೇ ಇದೆ. ಸೂಜೀಲಿ ತುಂಬಿಬಿಡ್ತೀನಿ. ಯಾರು ಮಲಗ್ತೀರಮ್ಮ?"

"ಅಕ್ಕನೇ. ಬಳೆ, ಜರಿ ಸೀರೆ ಎಲ್ಲ ದೊಡ್ಡೋಳಿಗೇ ಹೋಯ್ತಲ್ಲ, ಇದೂ ಹೋಗ್ಲಿ," ಎಂದು ಕುಮುದ ಕುಟುಕಿದಳು.

ಅಂಬುಜಾಕ್ಷಿ ಎದ್ದಳು. ಹೇಳಬಾರದು, ಈ ಡಬ್ಬಿಗಾಗಿ ಅವಳು ನೋವಿನಲ್ಲಿ ವರ್ಷಗಟ್ಟಲೆ ಕಾದಿದ್ದಳು. ಆದರೆ ಕುಮುದಳ ಬೆನ್ನು ಮುರಿದದ್ದು ಅಮ್ಮನನ್ನು ದಿನಾ ಬಚ್ಚಲಿಗೆ ಎತ್ತಿಕೊಂಡು ಹೋಗಿ.

"ನೀನೇ ಮಲಗೇ. ನಂಗೆ ಸೂಜಿ ಅಂದ್ರೆ ಭಯ."

"ಎರಡು ಹೆತ್ತೋಳಿಗೆ ಸೂಜಿ ಭಯವಂತೆ!" ಎನ್ನುತ್ತಲೇ ಕುಮುದ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ನೆಟ್ಟಗೆ ನಡೆದು ಹೊರಬಂದಳು. ಬೆಂಚಿನ ಮೇಲೆ ಮುದುರಿ ಕೂತಿದ್ದ ಅಕ್ಕನನ್ನು ಕಂಡವಳೇ, "ಏನೇ ಅದು ಗೂನು? ನೆಟ್ಟಗೆ ಕೂತ್ಕೋ!" ಎಂದು ಗದರಿದಳು.

ಅಮ್ಮ ಜೀವಮಾನವಿಡೀ ಗದರುತ್ತಿದ್ದ ಮಾತದು, ದನಿಯೂ ಅದೇ. ಕುಮುದ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

ಅಂಬುಜಾಕ್ಷಿ ನೋವು ನುಂಗಿಕೊಂಡು, ಆದಷ್ಟೂ ನೆಟ್ಟಗೆ ಕೂತಳು.