ತಾರಾಳ ಅಮ್ಮ

ಧಾರೆ ಸೀರೆ ಸಿಕ್ಕಿದ್ದು ಶೇಖರನ ಬ್ಯಾಗಿನ ತಳದಲ್ಲಿ, ಹಳೆಯ ಟವೆಲಿನ ಕೆಳಗೆ. ಕೆಂಪು ಅಂಚಿನದ್ದು, ಮಡಿಕೆ ಬಿಚ್ಚದ್ದು. ಜೊತೆಗೊಂದು ಬಳೆಯ ಪೊಟ್ಟಣ. ಕುಸುಮ ಒಂದು ಬಳೆ ತೆಗೆದು ನೋಡಿದಳು. ಮಗಳ ಬೆರಳಿನ ಗಂಟನ್ನೂ ದಾಟದು. ಮಗಳ ಕೈಯ ಅಳತೆ ತಿಳಿಯದ ಅಪ್ಪ ಅವಳ ಮದುವೆಗೆ ಹೊರಟಿದ್ದಾನೆ.

ಹಿಂದಿನ ದಿನ ಅಂಗಳದ ಮೂಲೆಯಲ್ಲಿ ನಿಂತು ಅವನು ಫೋನಿನಲ್ಲಿ ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು.

"ತಾರಾಳದ್ದು ಶನಿವಾರಕ್ಕೇ ಆಗಲಿ ಧರ್ಣಪ್ಪಣ್ಣ. ಪುತ್ತಿಗೆಯಲ್ಲಿ, ನಿಮ್ಮ ಮನೆಯಲ್ಲೇ. ಕುಸುಮಳಿಗೆ ಮಾತ್ರ ಗೊತ್ತಾಗುವುದು ಬೇಡ."

ತಾರಾ ಎಂದರೆ ಯಾವ ತಾರಾ ಎಂದು ಬಂಟ್ವಾಳದವರು ಕೇಳಿಯೇ ಮುಂದೆ ಮಾತಾಡುವುದು. ಶೇಖರನ ಮೂರು ಬಸ್ಸುಗಳ ಹಣೆಯಲ್ಲೂ ಅದೇ ಹೆಸರು. ಮನೆಯ ಗೇಟಿನಲ್ಲಿ ಅದೇ. ಬೆಳ್ತಂಗಡಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೂ ಅದೇ. ಮಗಳಿಗೂ. ಮೊನ್ನೆ ಡ್ರೈವರ್ ವಸಂತ ಫೋನ್ ಮಾಡಿ, "ಅಕ್ಕ, ತಾರಾ ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದಾಳೆ, ತಳ್ಳಿದರೂ ಕದಲುವುದಿಲ್ಲ" ಎಂದಾಗ ಕುಸುಮಳ ಎದೆ ಧಸಕ್ಕೆಂದಿತ್ತು.

"ಯಾವ ತಾರಾ ಮಾರಾಯ, ಸರಿ ಹೇಳು!"

"ಮೂಡುಬಿದಿರೆಯದ್ದು ಅಕ್ಕ. ಕ್ಲಚ್ಚು ಹೋಗಿದೆ."

ಕುಸುಮಳಿಗೂ ಸ್ವಂತ ಹೆಸರು ಉಳಿದಿರಲಿಲ್ಲ. ಕಂಡಕ್ಟರುಗಳಿಂದ ಹಿಡಿದು ಮೀನಿನ ಮಮ್ಮುವಿನವರೆಗೆ ಎಲ್ಲರ ಬಾಯಲ್ಲೂ ಅವಳು 'ತಾರಾಳ ಅಮ್ಮ'. ಹಾಗೆ ಕರೆಸಿಕೊಳ್ಳುವುದು ಅವಳಿಗೆ ಹೆಮ್ಮೆ. ಮದುವೆಯ ದಿನ ಅವಳನ್ನು ಈ ಮನೆಗೆ ತಂದದ್ದೂ ತಾರಾ ಬಸ್ಸೇ. ಬೋರ್ಡು ತೋರಿಸಿ "ಇವಳು ಯಾರು?" ಎಂದು ಕೇಳಿದ್ದಳು. "ನಮಗೆ ಹುಟ್ಟುವ ಮಗಳು," ಎಂದಿದ್ದ ಶೇಖರ, ಕಿಟಕಿಯ ಹೊರಗೆ ನೋಡುತ್ತ. "ಬಸ್ಸು ಮೊದಲು ಬಂತು. ಅವಳು ಹಿಂದಿನಿಂದ ಬರ್ತಾಳೆ."

ಬಂದಳು ಕೂಡ. ಈಗ ಅವಳಿಗೆ ಇಪ್ಪತ್ತೆರಡು, ಸಿ.ಎ. ಓದುತ್ತಿದ್ದಾಳೆ. ಕೂಡಿಬಂದ ಎರಡು ಸಂಬಂಧ ಕಾರಣವಿಲ್ಲದೆ ಮುರಿದಾಗ ಕುಸುಮ ಒಳಗೊಳಗೇ ಖುಷಿಪಟ್ಟಿದ್ದಳು. ಓದು ಮುಗಿಯಲಿ, ತನ್ನ ಹಾಗೆ ಅರ್ಧಕ್ಕೆ ನಿಲ್ಲುವುದು ಬೇಡ. ಶೇಖರ ಮಾತ್ರ ಜೋಯಿಸರಲ್ಲಿಗೆ ಓಡಿದ್ದ. ಅಲ್ಲಿಂದ ಬಂದವನು ಬಾಯಿಯೇ ಬಿಟ್ಟಿರಲಿಲ್ಲ.

ಸಂಕಟ ಹೇಳಿಕೊಳ್ಳಲು ಕುಸುಮಳಿಗೆ ಇದ್ದದ್ದು ಒಬ್ಬಳೇ, ಪದ್ಮಾಕ್ಷಿ. ಹೋಟೆಲಿನ ಅಡುಗೆ ಅವಳದ್ದೇ ಕೈ. ಕುಸುಮಳ ಬಾಣಂತನಕ್ಕೂ ಬಂದು ನಿಂತವಳು. ಮಗುವನ್ನು ಕಾಲಿನ ಮೇಲೆ ಮಲಗಿಸಿ ಮೀಯಿಸಿದವಳು. ಊರೆಲ್ಲ ತಾರಾ ತಾರಾ ಎನ್ನುವಾಗ ಅವಳೊಬ್ಬಳು ಮಾತ್ರ ಆ ಹೆಸರು ಹಿಡಿದು ಒಮ್ಮೆಯೂ ಕರೆದವಳಲ್ಲ. ಮಗು ಇಷ್ಟು ದೊಡ್ಡವಳಾದರೂ ಅವಳಿಗೆ ಬರೀ 'ಬಾಲೆ'.

ಹೋಟೆಲಿನ ಹಿಂದಿನ ಬಾಗಿಲಲ್ಲಿ ಕೂತು ಕುಸುಮ ಎಲ್ಲ ಹೇಳಿದಳು.

"ಆಟಿ ತಿಂಗಳಲ್ಲಿ ಯಾರಾದರೂ ಮದುವೆ ಮಾಡ್ತಾರಾ ಪದ್ಮಕ್ಕ? ಯಾರಿಗೂ ಸಂಶಯ ಬರಬಾರದು ಅಂತಲೇ ಈ ಉಪಾಯ."

ಪದ್ಮಾಕ್ಷಿ ಸೌಟು ಕೆಳಗಿಟ್ಟಳು. "ನಿಮ್ಮ ಮಗಳಿಗೆ ಏನೂ ಆಗುವುದಿಲ್ಲ ಕುಸುಮಕ್ಕ. ನಾನು ಮಾತು ಕೊಡ್ತೇನೆ."

"ನಿಮಗೆ ಹೇಗೆ ಗೊತ್ತಾಗಬೇಕು, ಹೆತ್ತವಳ ಸಂಕಟ..." ಕುಸುಮ ನಾಲಿಗೆ ಕಚ್ಚಿಕೊಂಡಳು. ಪದ್ಮಾಕ್ಷಿ ಒಂಟಿ ಹೆಂಗಸು.

"ಇರಲಿ," ಎಂದಳು ಪದ್ಮಾಕ್ಷಿ, ಒಲೆಯ ಕಡೆ ತಿರುಗಿ. "ಶನಿವಾರ ನೀವು ಪುತ್ತಿಗೆಗೆ ಹೋಗಬೇಡಿ."

ಶನಿವಾರ ಶೇಖರ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬೆಳಿಗ್ಗೆಯೇ ಹೊರಟ. ಅವನು ತಿರುವು ದಾಟಿದ್ದೇ ತಡ, ಕುಸುಮ ಮಗಳನ್ನು ಪಾಣೆಮಂಗಳೂರಿನ ತಂಗಿಯ ಮನೆಗೆ ಎಳೆದುಕೊಂಡು ಹೋದಳು.

"ಅಪ್ಪ ಬಂದು ಕರೆದರೂ ಬಾಗಿಲು ತೆಗೆಯಬೇಡ."

ತಾರಾ ನಕ್ಕಳು. "ನಿನಗೆ ಮರ್ಲು ಅಮ್ಮ. ನಾನು ಇಲ್ಲಿದ್ದೇನೆ. ಮದುಮಗಳೇ ಇಲ್ಲದೆ ಮದುವೆ ಆಗ್ತದಾ?"

ಗಂಡನ ಬಸ್ಸು ಬಿಟ್ಟು ಬೇರೆ ಬಸ್ಸು ಹಿಡಿದು ಕುಸುಮ ಮೂಡುಬಿದಿರೆಗೆ ಬಂದಳು. ಪುತ್ತಿಗೆಯ ಧರ್ಣಪ್ಪನ ಮನೆ ಎಂದರೆ ಅಲ್ಲಿಯ ಆಟೋದವನಿಗೆ ಗೊತ್ತಿತ್ತು.

ಚಪ್ಪರವಿಲ್ಲ. ವಾದ್ಯವಿಲ್ಲ. ಜಗಲಿಯಲ್ಲಿ ಕೈಬೆರಳೆಣಿಕೆಯ ಜನ. ಕುಸುಮ ಚಪ್ಪಲಿ ಕಳಚುವುದನ್ನೂ ಮರೆತು ಮೆಟ್ಟಿಲು ಹತ್ತಿದಳು.

"ನನ್ನ ಮಗಳನ್ನು ನಾನು ಅಡಗಿಸಿ ಬಂದಿದ್ದೇನೆ. ಯಾರಿಗೆ ಮದುವೆ ಮಾಡ್ತೀರಿ, ಮಾಡಿ ನೋಡುವ!"

ಶೇಖರನ ಮುಖ ಬಿಳಿಚಿತು. "ಕುಸುಮ, ಮನೆಗೆ ಹೋಗುವ ಬಾ."

ಅವಳು ಅವನನ್ನು ನೋಡಲಿಲ್ಲ. ಅವಳ ಕಣ್ಣು ಜಗಲಿಯ ನಡುವೆ ಇದ್ದ ಎರಡು ಮಣೆಗಳ ಮೇಲಿತ್ತು. ಒಂದರಲ್ಲಿ ಮಡಚಿದ ಅಂಗಿ, ಪಂಚೆ. ಇನ್ನೊಂದರಲ್ಲಿ ಕೆಂಪಂಚಿನ ಸೀರೆ, ಅದರ ಮೇಲೆ ಆ ಪುಟಾಣಿ ಬಳೆಗಳು. ಮದುಮಗನೂ ಇಲ್ಲ, ಮದುಮಗಳೂ ಇಲ್ಲ.

ಕುಲೆಗಳ ಮದುವೆ. ತೊಟ್ಟಿಲಲ್ಲೇ ತೀರಿಹೋದ ಮಕ್ಕಳು ಅಲ್ಲೆಲ್ಲೋ ಬೆಳೆದು ಪ್ರಾಯಕ್ಕೆ ಬಂದಿರುತ್ತಾರೆಂದು ನಂಬಿ, ಎರಡು ಮನೆಯವರು ಕೂಡಿ ನಡೆಸುವ ಧಾರೆ. ಬದುಕಿದವರ ಮದುವೆಗೆ ಆಗದ ಆಟಿ ಇದಕ್ಕೆ ಆಗುತ್ತದೆ. ಹಿರಿಯದರದ್ದು ಆಗದೆ ಕಿರಿಯದಕ್ಕೆ ಸಂಬಂಧ ಕೂಡಿಬರುವುದಿಲ್ಲ ಎಂದು ಜೋಯಿಸರು ಹೇಳುವುದುಂಟು. ತವರಿನಲ್ಲಿ ಅವಳು ಇಂಥದ್ದನ್ನು ಕಂಡವಳೇ.

ತನ್ನ ತಾರಾ ಪಾಣೆಮಂಗಳೂರಿನಲ್ಲಿ ಕೂತು ನಗುತ್ತಿದ್ದಾಳೆ. ಅವಳಿಗೆ ಏನೂ ಆಗುವುದಿಲ್ಲ. ಕುಸುಮಳಿಗೂ ನಗು ಬಂತು, ಅರ್ಧ ಬಂತು.

ಧರ್ಣಪ್ಪ ಕಲಶದಿಂದ ತಲೆ ಎತ್ತಲಿಲ್ಲ. "ಹೊತ್ತು ಮೀರ್ತದೆ. ಧಾರೆ ಎರೆಯಲಿಕ್ಕೆ ತಾರಾಳ ಅಮ್ಮ ಮುಂದೆ ಬರಲಿ."

ಇಪ್ಪತ್ತೆರಡು ವರ್ಷದ ಅಭ್ಯಾಸ. ಕುಸುಮಳ ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು.

ಶೇಖರನ ಹಿಂದಿನ ಕಂಬದ ಮರೆಯಿಂದ, ಸೆರಗು ಸರಿಮಾಡಿಕೊಳ್ಳುತ್ತ, ಪದ್ಮಾಕ್ಷಿ ಎದ್ದು ಬಂದಳು.